ಟಿವಿ ಹೊಸದು, ಚಿತ್ರ ಮಾತ್ರ ಹಳೇದೇ? ಮೊದಲು ಬಾಕ್ಸಿನ ಹಿಂದೆ ನೋಡಿ

ಹೊಸ ಫುಲ್ ಎಚ್‌ಡಿ ಟಿವಿ ಗೋಡೆ ಏರಿದ ಮೇಲೂ ಮುಖಗಳು ಮಸುಕಾಗಿ, ಅಕ್ಷರಗಳು ಒಡೆದಂತೆ ಕಂಡರೆ ಟಿವಿಯನ್ನು ಬೈಯುವ ಮುಂಚೆ ಸೆಟ್‌ಟಾಪ್ ಬಾಕ್ಸಿನ ಹಿಂಬದಿ ನೋಡಿ. ಹಳದಿ, ಕೆಂಪು, ಬಿಳಿ ಪಿನ್ನುಗಳ ಎವಿ ಕೇಬಲ್ ಇನ್ನೂ ಅಲ್ಲೇ ಇದ್ದರೆ ಕಾರಣ ಸಿಕ್ಕಿತು. ಆ ಹಳದಿ ತಂತಿಯಲ್ಲಿ ಬರುವುದು 576 ಗೆರೆಗಳ ಚಿತ್ರ ಮಾತ್ರ. ಫುಲ್ ಎಚ್‌ಡಿಯ 1080 ಗೆರೆ ಬೇಕೆಂದರೆ ಎಚ್‌ಡಿಎಂಐ ಕೇಬಲ್ಲೇ ಆಗಬೇಕು. ಒಂದೂವರೆ ಮೀಟರಿನ ಸಾಮಾನ್ಯ ಹೈಸ್ಪೀಡ್ ಕೇಬಲ್ ಸಾಕು. ಚಿನ್ನದ ಲೇಪದ್ದಕ್ಕೆ ದುಡ್ಡು ಸುರಿಯಬೇಡಿ. ಒಳಗೆ ಹರಿಯುವುದು ಡಿಜಿಟಲ್ ಸಿಗ್ನಲ್. ಕೇಬಲ್ ಕೆಟ್ಟರೆ ಚುಕ್ಕಿ ಮಿನುಗುತ್ತದೆ, ತೆರೆ ಕಪ್ಪಾಗುತ್ತದೆ, ಬಣ್ಣವೇನೂ ಮಂಕಾಗುವುದಿಲ್ಲ.

ಕೇಬಲ್ ಬದಲಾದರೆ ಅರ್ಧ ಕೆಲಸ ಮುಗಿದಂತೆ, ಅಷ್ಟೇ. ಬಾಕ್ಸಿನ ಸೆಟ್ಟಿಂಗ್ಸ್‌ನಲ್ಲಿ ವಿಡಿಯೊ ಔಟ್‌ಪುಟ್ 576 ಎಂದಿದ್ದರೆ 1080ಐಗೆ, ಆಸ್ಪೆಕ್ಟ್ ರೇಶಿಯೊ (ಚಿತ್ರದ ಅಗಲ-ಎತ್ತರದ ಅನುಪಾತ) 16:9ಕ್ಕೆ ತನ್ನಿ. ಚಾನೆಲ್ಲಿನ ಎಚ್‌ಡಿ ನಂಬರನ್ನೇ ಒತ್ತಿ. ಎಸ್‌ಡಿ ನಂಬರಿನಲ್ಲಿ ಬರುವುದು ಎಸ್‌ಡಿಯೇ, ಅಂದರೆ ಕಡಿಮೆ ಗೆರೆಗಳ ಹಳೇ ಚಿತ್ರವೇ. ಹಳೆಯ ಸಿನಿಮಾದ ಅಕ್ಕಪಕ್ಕ ಕಪ್ಪು ಪಟ್ಟಿ ಇದ್ದರೆ ಇರಲಿ ಬಿಡಿ, ಎಳೆದು ತುಂಬಿಸಿದರೆ ನಾಯಕನ ಮುಖ ಕುಂಬಳಕಾಯಿಯಾಗುತ್ತದೆ.

ಕ್ರಿಕೆಟ್ ಸ್ಕೋರಿನ ಅಂಚು ಕತ್ತರಿಸಿದಂತೆ ಕಾಣುತ್ತಿದೆಯೇ? ಟಿವಿ ಚಿತ್ರವನ್ನು ಕೊಂಚ ಹಿಗ್ಗಿಸಿ ಅಂಚು ಮರೆಮಾಡುತ್ತಿದೆ. ಎಲ್‌ಜಿಯಲ್ಲಿ ಜಸ್ಟ್ ಸ್ಕ್ಯಾನ್, ಸೋನಿಯಲ್ಲಿ ಫುಲ್ ಪಿಕ್ಸೆಲ್, ಸ್ಯಾಮ್‌ಸಂಗ್‌ನಲ್ಲಿ ಫಿಟ್ ಟು ಸ್ಕ್ರೀನ್ ಆರಿಸಿ. ಅಂಚೂ ಬರುತ್ತದೆ, ಚಿತ್ರವೂ ಚೂಪಾಗುತ್ತದೆ.

ಪಿಕ್ಚರ್ ಮೋಡ್ ವಿವಿಡ್‌ನಲ್ಲಿದ್ದರೆ ಸಿನಿಮಾಗೆ ಬದಲಿಸಿ. ವಿವಿಡ್ ಇರುವುದು ಅಂಗಡಿಯ ಟ್ಯೂಬ್‌ಲೈಟುಗಳ ನಡುವೆ ಗಿರಾಕಿಯ ಕಣ್ಣು ಸೆಳೆಯಲಿಕ್ಕೆ. ಮೊದಲ ದಿನ ಸಿನಿಮಾ ಮೋಡ್ ಹಳದಿಯಾಗಿ ಕಾಣುತ್ತದೆ; ಎರಡು ದಿನ ತಡೆಯಿರಿ, ಕಣ್ಣು ಹೊಂದಿಕೊಳ್ಳುತ್ತದೆ.

ಉಳಿದದ್ದನ್ನು ರಾತ್ರಿ, ನೀವು ಎಂದಿನಂತೆ ಟಿವಿ ನೋಡುವ ಬೆಳಕಿನಲ್ಲೇ ಮಾಡಿ. ಕತ್ತಲೆಯ ದೃಶ್ಯವೊಂದನ್ನು ನಿಲ್ಲಿಸಿ, ಕಪ್ಪು ಕೂದಲಿನ ಎಳೆ ಕಾಣುವವರೆಗೆ ಬ್ರೈಟ್‌ನೆಸ್ ಏರಿಸಿ; ಸಿನಿಮಾದ ಮೇಲೆ ಕೆಳಗಿನ ಕಪ್ಪು ಪಟ್ಟಿ ಬೂದಿ ಬಣ್ಣಕ್ಕೆ ತಿರುಗಿದರೆ ಹೆಚ್ಚಾಯಿತು. ಕಾಂಟ್ರಾಸ್ಟಿಗೆ ಬಿಳಿ ಪಂಚೆಯೇ ಅಳತೆ: ನೆರಿಗೆ ಮಾಯವಾದರೆ ಇಳಿಸಿ. ಒಂದು ಎಚ್ಚರ, ಈಚಿನ ಸೋನಿ ಟಿವಿಗಳಲ್ಲಿ ಬ್ರೈಟ್‌ನೆಸ್ ಎಂದರೆ ಬ್ಯಾಕ್‌ಲೈಟ್, ತೆರೆಯ ಹಿಂದಿನ ಬೆಳಕು. ನಿಮಗೆ ಬೇಕಾದದ್ದು ಬ್ಲ್ಯಾಕ್ ಲೆವೆಲ್. ಶಾರ್ಪ್‌ನೆಸ್ ಹೆಚ್ಚಿದಷ್ಟೂ ಒಳ್ಳೆಯದೆಂಬುದು ಭ್ರಮೆ. ಅದು ಹೊಸ ವಿವರ ತರುವುದಿಲ್ಲ, ಅಂಚಿಗೆ ಬಿಳಿ ಗೆರೆ ಬಳಿಯುತ್ತದೆ. ಸುದ್ದಿ ಚಾನೆಲ್ಲಿನ ಅಕ್ಷರಗಳ ಸುತ್ತ ಆ ಗೆರೆ ಅಳಿಯುವವರೆಗೆ ಇಳಿಸಿ.

ಸಿನಿಮಾ ಧಾರಾವಾಹಿಯಂತೆ ನುಣುಪಾಗಿ ಜಾರುತ್ತಿದ್ದರೆ ಟ್ರೂಮೋಷನ್, ಮೋಷನ್‌ಫ್ಲೋ ಎಂಬಂಥ ಸೆಟ್ಟಿಂಗನ್ನು ಆಫ್ ಮಾಡಿಬಿಡಿ: ಸೆಕೆಂಡಿಗೆ 24 ಚೌಕಟ್ಟುಗಳ ಚಿತ್ರದ ನಡುವೆ ಟಿವಿ ತಾನೇ ಚೌಕಟ್ಟು ಹುಟ್ಟಿಸಿ ಸೇರಿಸುತ್ತಿರುತ್ತದೆ. ಕ್ರಿಕೆಟ್ಟಿಗೆ ಬೇಕಿದ್ದರೆ ಇಟ್ಟುಕೊಳ್ಳಿ.

43 ಇಂಚಿನ ಟಿವಿಗೆ ಆರು ಅಡಿ ದೂರ ಹದ. ಹನ್ನೆರಡು ಅಡಿಯಾಚೆ ಕೂತರೆ ಎಚ್‌ಡಿಗೂ ಎಸ್‌ಡಿಗೂ ವ್ಯತ್ಯಾಸ ಹೆಚ್ಚು ಕಾಣದು.

ಅನೇಕ ಟಿವಿಗಳು ಈ ಹೊಂದಾಣಿಕೆಗಳನ್ನು ಒಂದೊಂದು ಎಚ್‌ಡಿಎಂಐ ಪೋರ್ಟಿಗೆ ಬೇರೆ ಬೇರೆಯಾಗಿ ಉಳಿಸಿಕೊಳ್ಳುತ್ತವೆ. ಬಾಕ್ಸಿಗೆ ಮಾಡಿದ್ದನ್ನು ಸ್ಟ್ರೀಮಿಂಗ್ ಸ್ಟಿಕ್ ಇರುವ ಪೋರ್ಟಿಗೂ ಮತ್ತೊಮ್ಮೆ ಮಾಡಿ.