ಎಮಲ್ಷನ್ ಕೆರೆದು ಸುಣ್ಣ ಬಳಿದ ಹಜಾರ: ನನ್ನ ಅನುಭವ

ನಮ್ಮ ಮನೆಯ ಹಜಾರಕ್ಕೆ ಸುಣ್ಣ ಬಳಿಯುತ್ತೇನೆ ಎಂದಾಗ ಒಳಾಂಗಣದ ಕೆಲಸದಲ್ಲಿ ಪಳಗಿದ ಗೆಳೆಯರೇ ನಕ್ಕಿದ್ದರು. ಒರಗಿದವರ ಬೆನ್ನಿಗೆಲ್ಲ ಬಿಳಿ ಹತ್ತುತ್ತದೆ, ವರ್ಷದೊಳಗೆ ಮತ್ತೆ ಎಮಲ್ಷನ್ನಿಗೇ, ಅಂದರೆ ಡಬ್ಬಿಯಲ್ಲಿ ಸಿಗುವ ಪ್ಲಾಸ್ಟಿಕ್ ಪೇಂಟಿಗೇ, ಬರುತ್ತೀರಿ ಎಂಬುದು ಅವರ ಮಾತಾಗಿತ್ತು. ಈಗ 3 ವರ್ಷ ದಾಟಿರಬೇಕು. ಕಪ್ಪು ಬಟ್ಟೆಯಿಂದ ಒರೆಸಿದರೂ ಬಟ್ಟೆ ಕಪ್ಪಾಗಿಯೇ ಇರುತ್ತದೆ. ಅಂದು ನಕ್ಕವರಲ್ಲಿ ಇಬ್ಬರು ಈಚೆಗೆ ಮಿಶ್ರಣದ ಅಳತೆ ಕೇಳಿದ್ದಾರೆ.

ಖರ್ಚಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಸುಣ್ಣಕ್ಕೂ ಬಣ್ಣದ ಪುಡಿಗೂ ಸೇರಿ ಒಟ್ಟು ವೆಚ್ಚದ ಹತ್ತನೇ ಒಂದು ಪಾಲೂ ಆಗಲಿಲ್ಲ. ಹೆಚ್ಚುಕಡಿಮೆ ಮುಕ್ಕಾಲು ಪಾಲು ಹಳೆಯ ಎಮಲ್ಷನ್ನನ್ನೂ ಅದರಡಿಯಲ್ಲಿ ಗೋಡೆ ನುಣುಪಾಗಲೆಂದು ಹಚ್ಚಿದ್ದ ಪುಟ್ಟಿಯನ್ನೂ ಗಾರೆಯವರೆಗೆ ಕೆರೆದು ತೆಗೆಯುವ ಕೂಲಿಗೇ ಹೋಯಿತು. ಈ ಕೂಲಿ ಉಳಿಸುವ ಆಸೆಯಿಂದ ಮಲಗುವ ಕೋಣೆಯ ಒಂದು ಗೋಡೆಗೆ ಎಮಲ್ಷನ್ನಿನ ಮೇಲೆಯೇ ಬಳಿಸಿ ನೋಡಿದ್ದೆ. ನೀರು ಹೀರದ ಪದರದ ಮೇಲೆ ಸುಣ್ಣಕ್ಕೆ ಹಿಡಿತ ಸಿಗದೆ, ಮೊದಲ ಬೇಸಿಗೆಯಲ್ಲೇ ಅದು ಹಕ್ಕಳೆ ಹಕ್ಕಳೆಯಾಗಿ ಎದ್ದಿತು. ಕೊನೆಗೆ ಆ ಗೋಡೆಯನ್ನೂ ಕೆರೆಸಿ ಎರಡು ಸಲದ ಕೂಲಿ ತೆತ್ತದ್ದಾಯಿತು.

ಹಜಾರದಲ್ಲಿ ಕಾಡಿದ್ದು ಪುಡಿ ಉದುರುವಿಕೆ. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ಅದಕ್ಕೆ ತೇವ ಬೇಕೇ ಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಆದರೆ ಬೇಗ ಒಣಗಲೆಂದು ಫ್ಯಾನ್ ಹಾಕಿಬಿಡುವ ಅಭ್ಯಾಸವನ್ನು ಕೆಲಸಗಾರರಿಂದ ಬಿಡಿಸುವುದು ಸುಲಭವಲ್ಲ. ಹಿಂದಿನ ರಾತ್ರಿ ಒಮ್ಮೆ, ಬಳಿಯುವ ಮುನ್ನ ಮತ್ತೊಮ್ಮೆ ಗೋಡೆಗೆ ನೀರು ಸಿಂಪಡಿಸಿ, ಕಿಟಕಿಗಳಿಗೆ ಪರದೆ ಎಳೆದ ಮೇಲೆಯೇ ಪದರ ಕಚ್ಚಿಕೊಂಡಿತು. ಇನ್ನೊಂದು ತೊಡಕು ದಪ್ಪದ್ದು. ಹಾಲಿನಷ್ಟು ತೆಳುವಾದ ಸುಣ್ಣ ಹಸಿಯಿರುವಾಗ ಬಹುಪಾಲು ಪಾರದರ್ಶಕವಾಗಿಯೇ ಕಾಣುತ್ತದೆ. ಗೋಡೆ ಮುಚ್ಚುತ್ತಿಲ್ಲವೆಂದು ಬಳಿಯುವವರು ನಮಗೆ ತಿಳಿಯದಂತೆ ಅದನ್ನು ಗಟ್ಟಿ ಮಾಡಿಕೊಳ್ಳುತ್ತಾರೆ, ಒಣಗಿದ ಮೇಲೆ ಅದೇ ಬಿರುಕು ಬಿಡುತ್ತದೆ. ನಾನು ಬಕೆಟ್ಟುಗಳನ್ನು ನನ್ನ ಸುಪರ್ದಿನಲ್ಲೇ ಇಟ್ಟುಕೊಂಡು, ದಿನಕ್ಕೊಂದರಂತೆ ಐದಾರು ತೆಳು ಪದರ ಕೊಡಿಸಿದೆ.

ಬಣ್ಣಕ್ಕೆ ಕೆಮ್ಮಣ್ಣು, ಹಳದಿ ಮಣ್ಣು, ಐರನ್ ಆಕ್ಸೈಡ್ ಇವಿಷ್ಟನ್ನೇ ನಂಬಿದೆ. ಸುಣ್ಣದ ಕ್ಷಾರವನ್ನು ತಡೆಯಲಾರದ ಒಂದು ನೇರಳೆ ಪುಡಿ ಕೆಲವೇ ವಾರಗಳಲ್ಲಿ ಬೂದಿಬಣ್ಣಕ್ಕೆ ತಿರುಗಿದ್ದನ್ನು ಮಾದರಿ ಹಲಗೆಯ ಮೇಲೆಯೇ ಕಂಡಿದ್ದೆ. ಪುಡಿಯ ತೂಕ ಸುಣ್ಣದ ತೂಕದ ಹತ್ತನೇ ಒಂದು ಪಾಲು ಮೀರಬಾರದು. ಹಸಿ ಬಣ್ಣ ಒಣಗಿದಾಗ ಬಹಳ ತಿಳಿಯಾಗುವುದರಿಂದ, ಮಾದರಿಯನ್ನು ಒಂದು ದಿನ ಒಣಗಲು ಬಿಡದೆ ಒಪ್ಪಿಗೆ ಕೊಡಬೇಡಿ. ಕೈಗೆ ಹತ್ತದಿರಲೆಂದು ಕೊನೆಯ ಎರಡು ಪದರಗಳಿಗೆ ನಾನು ಬೆರೆಸುವುದು ಒಂದಿದೆ. ಅನುಭವಿಗಳು ಊಹಿಸಬಲ್ಲರು, ಅದರ ಅಳತೆ ಮಾತ್ರ ನನ್ನಲ್ಲೇ ಇರಲಿ.

ಉಳಿದ ಸುಣ್ಣದ ಗಾರೆಯಿಂದ ಸ್ನಾನದ ಕೋಣೆಯ ಗೂಡೊಂದನ್ನು ಮೆತ್ತಿಸಿ, ಮೊರಾಕೊದ ತದೆಲಾಕ್ತ್ ಪದ್ಧತಿಯಂತೆ ಸಾಬೂನು ನೀರು ಸವರಿ ನುಣುಪು ಕಲ್ಲಿನಿಂದ ಉಜ್ಜಿದೆ. ಸಾಬೂನು ಸುಣ್ಣದೊಡನೆ ಸೇರಿ ನೀರಿನಲ್ಲಿ ಕರಗದ ಪದರವಾಗುವುದರಿಂದ ಅಲ್ಲಿ ನೀರು ಹನಿಹನಿಯಾಗಿ ಜಾರುತ್ತದೆ. ಆದರೆ ಅಂಗೈ ಅಗಲದ ಜಾಗಕ್ಕೆ ಅರ್ಧ ಗಂಟೆ ಹಿಡಿಯುವ ಈ ಕೆಲಸವನ್ನು ಇಡೀ ಗೋಡೆಗೆ ಮಾಡಿಸುವ ಧೈರ್ಯ ನನಗಿಲ್ಲ. ದೀಪಗಳನ್ನೂ ಬದಲಿಸಿ ನೋಡಿದೆ: 4000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಬಿಳಿ ಬೆಳಕಿನಲ್ಲಿ ಸತ್ತಂತಿದ್ದ ಕೆಮ್ಮಣ್ಣಿನ ಗೋಡೆ ಹಳದಿ ಛಾಯೆಯ 2700 ಕೆಲ್ವಿನ್‌ನಲ್ಲಿ ಮೈದುಂಬಿಕೊಂಡಿತು. ಗೋಡೆಗೆ ತೀರ ಒತ್ತಿ ಮೇಲಿನಿಂದ ಬೆಳಕು ಬಿಟ್ಟರೆ ಕುಂಚದ ಪ್ರತಿ ಗೆರೆಯೂ ಎದ್ದು ಕಾಣುತ್ತದೆ, ಅಡ್ಡಾದಿಡ್ಡಿ ಬಳಿಸಿದ್ದರೆ ಮಾತ್ರ ಅದು ಚೆಂದ.

ಒಲೆಯ ಹಿಂದಿನ ಗೋಡೆಗೆ ಇದು ಬೇಡ, ಎಣ್ಣೆಯ ಕಲೆ ತೊಳೆದರೆ ಹೋಗುವುದಿಲ್ಲ. ಬೇರೆಡೆ ಕಲೆಯಾದರೂ ಅಷ್ಟಕ್ಕೇ ತೇಪೆ ಹಚ್ಚಿದರೆ ತೇಪೆಯೇ ಕಾಣುವುದರಿಂದ, ಮೂಲೆಯಿಂದ ಮೂಲೆಯವರೆಗೆ ಒಂದು ಪದರ ಪೂರ್ತಿ ಎಳೆಯಬೇಕು. ಅದಕ್ಕೆಂದೇ ಮೊದಲ ಮಿಶ್ರಣದಲ್ಲಿ ಒಂದು ಬಕೆಟ್ಟನ್ನು ಬಿಗಿಯಾಗಿ ಮುಚ್ಚಿ ಎತ್ತಿಟ್ಟಿದ್ದೇನೆ.