ಇವತ್ತು ಯಾವ ಮೇಣ? ಹಿಮದ ನಾಡಿಗೆ ಹೊಸದಾಗಿ ಬಂದವರಿಗೆ

ಬೂಟಿನ ಅಳತೆ, ಬಾಡಿಗೆ ಚೀಟಿ, ಟ್ರ್ಯಾಕ್ ಪಾಸು, ಇನ್ಶೂರೆನ್ಸು ಎಲ್ಲ ಒಂದು ಸಂಜೆಯ ಕೆಲಸ, ಮುಗಿಸಿಬಿಡಿ. ನಾನು ಹೇಳಹೊರಟಿದ್ದು ಹಿಮದ ಮೇಲೆ ಜಾರುವ ಸ್ಕೀಯ ತಳಕ್ಕೆ, ಹಿಡಿತಕ್ಕೆಂದು ಹಚ್ಚುವ ಮೇಣದ ಮಾತು. ಇಲ್ಲಿಗೆ ಬಂದ ಮೊದಲ ಎರಡು ಚಳಿಗಾಲ ನಾನು ಜಾರಿದ್ದಕ್ಕಿಂತ ನಡೆದದ್ದೇ ಹೆಚ್ಚು, ಅದೂ ಸ್ಕೀಯನ್ನು ಹೆಗಲ ಮೇಲೆ ಹೊತ್ತುಕೊಂಡು.

ಬಯಲು, ಕಾಡಿನ ಟ್ರ್ಯಾಕಿನಲ್ಲಿ ಒಂದೊಂದೇ ಕಾಲು ಒದ್ದು ಜಾರುವ ಸ್ಕೀಗೆ ಕ್ಲಾಸಿಕ್ ಎನ್ನುತ್ತಾರೆ. ಅದು ನಡುವೆ ಬಿಲ್ಲಿನ ಹಾಗೆ ಬಾಗಿರುತ್ತದೆ. ಎರಡೂ ಕಾಲ ಮೇಲೆ ಭಾರ ಹಂಚಿ ನಿಂತರೆ ನಡುಭಾಗ ಹಿಮಕ್ಕೆ ಒತ್ತುವುದಿಲ್ಲ, ಜಾರುತ್ತೀರಿ. ಒಂದೇ ಕಾಲಿಗೆ ಭಾರ ಹಾಕಿ ಒದ್ದಾಗ ಅದು ಕೆಳಗೆ ಒತ್ತಿಕೊಳ್ಳುತ್ತದೆ. ಆಗ ಹಿಮದ ಹರಳಿನ ಮೊನೆ ಮೇಣಕ್ಕೆ ಚುಚ್ಚಿ ಹಿಡಿಯಬೇಕು, ಮರುಕ್ಷಣ ಬಿಡಬೇಕು. ಹೊಸ ಹಿಮದ ಮೊನೆ ಚೂಪು, ಅದಕ್ಕೆ ಗಟ್ಟಿ ಮೇಣ. ಹಳೆಯದಾಗಿ ಮೊನೆ ಸವೆದ ಹಿಮಕ್ಕೆ ಮೆತ್ತನೆಯದು. ಡಬ್ಬಿಯ ಬಣ್ಣಗಳೂ ಇದೇ ಲೆಕ್ಕ: ಹಸಿರು ಕಡುಚಳಿಗೆ, ನೀಲಿ ಹೆಚ್ಚುಕಡಿಮೆ -2ರಿಂದ -10ಕ್ಕೆ, ನೇರಳೆ ಸೊನ್ನೆಯ ಆಸುಪಾಸಿಗೆ, ಕೆಂಪು ಸೊನ್ನೆ ದಾಟಿದ ತೇವದ ಹಿಮಕ್ಕೆ. ಹೊಸ ಹಿಮಕ್ಕೆಷ್ಟು, ಹಳೆಯದಕ್ಕೆಷ್ಟು ಅಂತ ಡಬ್ಬಿಯ ಮೇಲೇ ಬರೆದಿರುತ್ತದೆ.

ನಾನು ಓದಲಿಲ್ಲ. ಫೋನು ಮಧ್ಯಾಹ್ನಕ್ಕೆ +2 ಎಂದಿತ್ತು. ನಾನು ಹೊರಟಿದ್ದು ಬೆಳಿಗ್ಗೆ ಎಂಟಕ್ಕೆ, ರಾತ್ರಿಯೆಲ್ಲ ಹೊಸ ಹಿಮ ಬಿದ್ದ ಮೇಲೆ. ಗೋಡೆಗೆ ಸುಣ್ಣ ಬಳಿದ ಹಾಗೆ ತುದಿಯಿಂದ ತುದಿಗೆ ಕೆಂಪು ಬಳಿದುಕೊಂಡೆ. ಕಾಡಿನ ನೆರಳಿಗೆ ಹೊಕ್ಕ ಐದೇ ನಿಮಿಷಕ್ಕೆ ಒಣ ಪುಡಿಹಿಮ ಮೆತ್ತಿಕೊಳ್ಳತೊಡಗಿತು. ಒಂದೊಂದು ಹೆಜ್ಜೆಗೂ ಬೆಳೆದು ಬೆಳೆದು ಗೇಣುದ್ದದ ಪಾದುಕೆಯೇ ಆಯಿತು. ಕೆರೆದೆ, ಒದ್ದೆ, ಬೈದೆ. ಕಡೆಗೆ ಬಿಚ್ಚಿ ಹೊತ್ತುಕೊಂಡು ವಾಪಸ್. ಮುಂದಿನ ವಾರ ಅದೇ ಭಯಕ್ಕೆ ಹಸಿರು ಹಚ್ಚಿದೆ. ಏರಿನಲ್ಲಿ ಎರಡು ಹೆಜ್ಜೆ ಮುಂದೆ, ಮೂರು ಹೆಜ್ಜೆ ಹಿಂದೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ನನ್ನ ಪಕ್ಕದಲ್ಲೇ ಸುಮ್ಮನೆ ನಡೆದುಕೊಂಡು ಹೋದ ಹಾಗೆ ಹತ್ತಿಹೋದರು.

ನೋಡಬೇಕಾದದ್ದು ಗಾಳಿಯ ಡಿಗ್ರಿಯನ್ನಲ್ಲ, ಹಿಮವನ್ನು. ಬಯಲಲ್ಲಿ ಒದ್ದೆ, ಕಾಡಲ್ಲಿ ಪುಡಿ, ಎರಡೂ ಒಂದೇ ದಾರಿಯಲ್ಲಿ ಸಿಗುತ್ತವೆ. ಆದ್ದರಿಂದ ಗಟ್ಟಿಯದರಿಂದ ಶುರು ಮಾಡಿ. ಹಿಮ್ಮಡಿಯಿಂದ, ಬೂಟು ಸಿಕ್ಕಿಸುವ ಬೈಂಡಿಂಗಿನ ಮುಂದೆ ಒಂದು ಮೊಳದವರೆಗೆ ಮಾತ್ರ, ನಾಲ್ಕೈದು ತೆಳು ಪದರ, ಪ್ರತಿ ಪದರಕ್ಕೂ ಕಾರ್ಕಿನಿಂದ ಉಜ್ಜಿ. ಅಲ್ಲಿಗೆ ಮೊದಲೇ ಮರಳುಕಾಗದ ತಿಕ್ಕಿದ್ದರೆ ಮೇಣ ಬೇಗ ಸವೆಯುವುದಿಲ್ಲ. ಸ್ಕೀಯನ್ನು ಹತ್ತು ನಿಮಿಷ ಹೊರಗೆ ಆರಲು ಬಿಟ್ಟು, ಆಮೇಲೆ ಹೊರಡಿ. ಜಾರಿದರೆ ಇನ್ನೊಂದು ಪದರ, ಆಮೇಲೆ ತುಸು ಉದ್ದಕ್ಕೆ, ಆಗಲೂ ಆಗದಿದ್ದರೆ ಮೆತ್ತನೆಯದನ್ನು ಮೇಲೆ ಹಚ್ಚಿ. ಮೆತ್ತನೆಯದರ ಮೇಲೆ ಗಟ್ಟಿಯದು ಕೂರುವುದಿಲ್ಲ. ಕೆರೆದು ತೆಗೆದು ಮತ್ತೆ ಮೊದಲಿನಿಂದಲೇ. ಜೇಬಿನಲ್ಲಿ ಎರಡು ಡಬ್ಬಿ, ಕಾರ್ಕು, ಕೆರೆಯುವ ಪಟ್ಟಿ ಇರಲಿ. ಯಾರಾದರೂ ಹಳೆಯ ಡಬ್ಬಿ ಕೊಟ್ಟರೆ ಫ್ಲೋರಿನ್ ಇದೆಯೇ ನೋಡಿಕೊಳ್ಳಿ, 2023-24ರಿಂದ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಅದಕ್ಕೆ ನಿಷೇಧವಿದೆ.

ಸೊನ್ನೆ ಡಿಗ್ರಿಯಲ್ಲಿ ಹೊಸ ಹಿಮ ಬೀಳುತ್ತಿದ್ದರೆ ಮಾತ್ರ ನನ್ನನ್ನು ಕೇಳಬೇಡಿ. ಒಂದು ಗಳಿಗೆ ಮೆತ್ತುತ್ತದೆ, ಮರುಗಳಿಗೆ ಜಾರುತ್ತದೆ. ಅಂಥ ದಿನ ತಳಕ್ಕೆ ಮೊಹೇರ್ ಎಂಬ ಆಡಿನ ಕೂದಲಿನ ಪಟ್ಟಿ ಅಂಟಿಸಿದ, ಹಿಡಿತದ ಮೇಣ ಬೇಡದ ಸ್ಕೀ ಹಾಕಿಕೊಳ್ಳುವುದರಲ್ಲಿ ಅವಮಾನವೇನಿಲ್ಲ.

ಇನ್ನು ಕ್ಲಿಸ್ಟರ್. ಕರಗಿ, ಮತ್ತೆ ಹೆಪ್ಪುಗಟ್ಟಿ ಗಾಜಾದ, ಇಲ್ಲವೇ ದಪ್ಪ ಹರಳಾದ ಟ್ರ್ಯಾಕಿಗೆ ಡಬ್ಬಿಯ ಮೇಣ ಏನೂ ಮಾಡದು. ಟ್ಯೂಬಿನ ಈ ಅಂಟೇ ಗತಿ. ಹಲಸಿನ ಮೇಣ ಕಂಡ ನಮಗೆ ಇದೇನು ಮಹಾ ಅಂದುಕೊಂಡು ಬರಿಗೈಯಲ್ಲಿ ಬಳಿದೆ. ಸ್ಕೀಯನ್ನು ಹೀಟರಿನ ಪಕ್ಕ ಒರಗಿಸಿ ಮಲಗಿದೆ. ಬೆಳಿಗ್ಗೆ ಅದು ಇಳಿದು ಕಾರ್ಪೆಟ್ ಸೇರಿತ್ತು, ಬಾಗಿಲ ಹಿಡಿಯಲ್ಲೂ ಇತ್ತು, ಮಗಳ ಕೂದಲಲ್ಲೂ ಇತ್ತು. ಹೆಂಡತಿ ಮೂರು ದಿನ ಮಾತಾಡಲಿಲ್ಲ. ಹಚ್ಚುವಾಗ ಟ್ಯೂಬು ಬೆಚ್ಚಗಿರಲಿ, ಕಡ್ಡಿಯಿಂದ ತೆಳ್ಳಗೆ ಎಳೆಯಿರಿ, ಸ್ಕೀಯನ್ನು ಚೀಲದಲ್ಲಿ ಸುತ್ತಿ ಹೊರಗೇ ಇಡಿ.

ಆ ಮಗಳಿಗೆ ಈಗ ಹನ್ನೊಂದು. ಅವಳು ಥರ್ಮಾಮೀಟರು ನೋಡುವುದಿಲ್ಲ. ಕೈಗವಸು ಕಳಚಿ ಒಂದು ಹಿಡಿ ಹಿಮ ಎತ್ತಿ ಹಿಂಡುತ್ತಾಳೆ. ಪುಡಿಯಾಗಿ ಉದುರಿದರೆ ನೀಲಿ ಇಲ್ಲವೇ ಹಸಿರು, ಉಂಡೆ ಕಟ್ಟಿದರೆ ನೇರಳೆ, ನೀರು ಸೋರಿದರೆ ಕೆಂಪು. ಒಂದೊಂದು ಬಗೆಗೂ ಅವಳ ಬಳಿ ಇಲ್ಲಿನ ಭಾಷೆಯ ಒಂದೊಂದು ಹೆಸರಿದೆ. ಕನ್ನಡದಲ್ಲಿ ಏನಂತಾರಪ್ಪಾ ಅಂತ ಕೇಳಿದಳು. ಹಿಮ ಅಂದೆ. ಇದಕ್ಕೆ? ಅದೂ ಹಿಮವೇ. ಮಂಜು ಅನ್ನೋಣವೆಂದರೆ ಅದು ಬೆಳಗಿನ ಮಬ್ಬಿಗೂ ಆಗುತ್ತದೆ. ಮಳೆಯಾದರೆ ನನ್ನ ಬಳಿ ಸೋನೆ ಇತ್ತು, ಜಡಿ ಇತ್ತು, ತುಂತುರು ಇತ್ತು. ವಾಸನೆ ಹಿಡಿದೇ ಬರುವ ಮಳೆ ಯಾವುದೆಂದು ಹೇಳುತ್ತಿದ್ದೆ. ಅದೆಲ್ಲ ಅವಳಿಗೆ ಯಾಕೆ ಬೇಕು? ಹೇಳಿಕೊಟ್ಟರೂ ಎಲ್ಲಿ ತೋರಿಸಲಿ?

ಹೋದ ಮಾರ್ಚಿನಲ್ಲಿ ಒಂದು ದಿನ ನೀಲಿ ಡಬ್ಬಿ ಹಿಡಿದು ಬಾಗಿಲಲ್ಲಿ ಕೂತಿದ್ದೆ. ಅವಳು ಅಂಗಳದಿಂದ ಮುಷ್ಟಿ ತಂದು ನನ್ನ ಅಂಗೈಗೆ ಸುರಿದಳು: ದಪ್ಪ, ಗುಂಡನೆಯ, ಒದ್ದೆ ಹರಳು.

"ಅಪ್ಪಾ, ಇದು ಕಲ್ಲುಪ್ಪು."

ಡಬ್ಬಿ ಮುಚ್ಚಿಟ್ಟು ಕ್ಲಿಸ್ಟರ್ ಟ್ಯೂಬು ಹುಡುಕಲು ಎದ್ದೆ.