6 ಸೆಕೆಂಡಿನ ರೌಂಡಲ್ಲಿ ಫೈಟ್ ನಿಜ ಅನ್ನಿಸ್ಬೇಕಾ? ಹಿಂಗ್ ಆಡ್ಸಿ

ಟೇಬಲ್ ಸುತ್ತ ಕೂತು ಡೈಸ್ ಹಾಕ್ತಾ ಪಾತ್ರಗಳಾಗಿ ಆಡೋ ಆಟವನ್ನ ನಡೆಸೋರಿಗೆ (ಗೇಮ್ ಮಾಸ್ಟರ್‌ಗೆ) ಇದು. ಅಂಥ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಅದರ ಐದನೇ ಎಡಿಷನ್‌ನಲ್ಲಿ ಒಂದು ರೌಂಡ್ (ಫೈಟಲ್ಲಿ ಎಲ್ಲರಿಗೂ ಒಂದೊಂದು ಟರ್ನ್ ಸಿಗೋ ಸುತ್ತು) ಅಂದ್ರೆ ಸುಮಾರು 6 ಸೆಕೆಂಡ್, ಅದೂ ಎಲ್ಲರದ್ದೂ ಸೇರಿ, ತಲೆಗೆ ಆರಾರು ಅಲ್ಲ. ಹಳೇ ಅಡ್ವಾನ್ಸ್ಡ್ ಎಡಿಷನ್‌ನಲ್ಲಿ 1 ನಿಮಿಷ ಇತ್ತು, ಇಂಥದ್ದೇ ಇನ್ನೊಂದು ಆಟ ಗರ್ಪ್ಸ್‌ನಲ್ಲಿ 1 ಸೆಕೆಂಡ್. ಯಾವ್ದೂ ಪೂರ್ತಿ ರಿಯಲ್ ಅಲ್ಲ ಬಿಡಿ, ಹಾಗಂತ ರೂಲ್ ಬದಲಾಯಿಸೋಕೆ ಹೋದ್ರೆ ಸುಮ್ನೆ ತಲೆನೋವು.

ಮೊದ್ಲು ದೂರದ ಲೆಕ್ಕ ಸರಿ ಇಟ್ಕೊಳ್ಳಿ. ಗಲಾಟೆ ಕೇಳಿ ಕಾವಲುಗಾರರು 300 ಅಡಿ ಆಚೆಯಿಂದ ಓಡಿ ಬರ್ತಿದ್ದಾರೆ ಅಂದ್ಕೊಳ್ಳಿ, ಅವರ ಸ್ಪೀಡ್ ರೌಂಡಿಗೆ 30 ಅಡಿ, ಡ್ಯಾಶ್ ಹೊಡೆದ್ರೆ (ಹೊಡೆದಾಟ ಬಿಟ್ಟು ಬರೀ ಓಡಿದ್ರೆ) 60, ಅಂದ್ರೆ ಬಂದು ತಲುಪೋಕೆ 5 ರೌಂಡ್ ಬೇಕು, ಅಷ್ಟರಲ್ಲಿ ಎಷ್ಟೋ ಫೈಟ್ ಮುಗಿದೇ ಹೋಗಿರುತ್ತೆ, ಆದ್ರೆ ನಿಜವಾಗ್ಲೂ ಕಳೆದಿರೋದು ಬರೀ ಅರ್ಧ ನಿಮಿಷ. ಹಾಗಾಗಿ ಎರಡನೇ ರೌಂಡಿಗೇ ಅವರನ್ನ ತಂದು ನಿಲ್ಲಿಸ್ಬೇಡಿ, ಪ್ರತಿ ರೌಂಡ್ ಕೊನೆಗೆ ಬೂಟಿನ ಸದ್ದು ಹತ್ರ ಆಗ್ತಿದೆ ಅನ್ನಿ ಸಾಕು, ಟೇಬಲ್ ಪೂರ್ತಿ ಟೆನ್ಷನ್ ಆಗುತ್ತೆ.

ಮಾತಿಗೂ ಲಿಮಿಟ್ ಇರ್ಲಿ. ಒಂದೆರಡು ಸಣ್ಣ ವಾಕ್ಯ ಓಕೆ, ಕತ್ತಿ ಬೀಸ್ತಾ ಪ್ಲಾನ್ ಪೂರ್ತಿ ವಿವರಿಸೋದು ಆಗಲ್ಲ (ವಿಲನ್ ಭಾಷಣಕ್ಕೂ ಇದೇ ರೂಲ್, ಬೇಜಾರಾದ್ರೂ ಸರಿ).

ಇನ್ನು ಟರ್ನ್ ಒಂದಾದ್ಮೇಲೆ ಒಂದು ಬಂದ್ರೂ ವರ್ಣನೆ ಮಾಡುವಾಗ ಒಟ್ಟಿಗೇ ಹೆಣೀರಿ: "ನೀನು ಕೊಡಲಿ ಎತ್ತೋ ಹೊತ್ತಿಗೆ ಅವಳ ಬಾಣ ಅವನ ಭುಜಕ್ಕೆ ನಾಟಿದೆ, ಅವನು ವಾಲಿದ್ದಾನೆ, ಹೊಡಿ." ಡೈಸ್ ರಿಸಲ್ಟ್ ಮಾತ್ರ ಮುಟ್ಬೇಡಿ.